ಕಠ್ಮಂಡುವಿನಲ್ಲಿ ಒಂದೇ ದಿನ ಇದ್ದರೆ ಹೀಗೆ ಸುತ್ತಿ

ಮುಕ್ತಿನಾಥಕ್ಕೋ ಮಾನಸ ಸರೋವರಕ್ಕೋ ಹೊರಟ ನಮ್ಮ ಕಡೆಯವರಿಗೆ ಕಠ್ಮಂಡುವಿನಲ್ಲಿ ಸಾಮಾನ್ಯವಾಗಿ ಸಿಗುವುದು ಒಂದೇ ದಿನ. ಆ ದಿನಕ್ಕೆ ಟೂರಿನವರು ಆರೇಳು ಜಾಗ ತುರುಕಿರುತ್ತಾರೆ. ಎಲ್ಲ ಕಡೆ ಅರ್ಧ ಗಂಟೆ, ಒಂದು ಗ್ರೂಪ್ ಫೋಟೊ, ಮತ್ತೆ ಬಸ್ಸು. ಅಷ್ಟಕ್ಕೆ ಒಪ್ಪಿಕೊಳ್ಳಬೇಡಿ. ಕಠ್ಮಂಡು ಕಣಿವೆಯ 7 ಸ್ಮಾರಕ ವಲಯಗಳು 1979ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ, ಏಳನ್ನೂ ಒಂದೇ ದಿನ ನೋಡುತ್ತೇನೆಂದರೆ ಏನೂ ನೋಡಿದ ಹಾಗಾಗುವುದಿಲ್ಲ. ನಾಲ್ಕು ಸಾಕು. ಪಶುಪತಿನಾಥ ದೇವಸ್ಥಾನ, ಬೌದ್ಧನಾಥ ಸ್ತೂಪ, ಹಳೇ ಅರಮನೆ ಊರು ಪಾಟನ್, ಗುಡ್ಡದ ಮೇಲಿನ ಸ್ವಯಂಭು ಸ್ತೂಪ, ಇದೇ ಕ್ರಮದಲ್ಲಿ. ಭಕ್ತಪುರ ಚೆನ್ನಾಗಿದೆ, ಆದರೆ ಅದಕ್ಕೆ ಬೇರೆ ದಿನವೇ ಬೇಕು.

ಹೊರಡುವ ಮೊದಲು ಒಂದೆರಡು ವಿಷಯ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಇಟ್ಟುಕೊಳ್ಳಿ, ಬರೀ ಆಧಾರ್ ನೆಚ್ಚಿಕೊಳ್ಳಬೇಡಿ. ನಮ್ಮ 100 ರೂಪಾಯಿಗೆ ನೇಪಾಳದ 160 ರೂಪಾಯಿ, ಆ ಲೆಕ್ಕ ದಿನಾ ಬದಲಾಗುವುದಿಲ್ಲ. ನೂರರ ನೋಟುಗಳೇ ಜಾಸ್ತಿ ಇರಲಿ. ಗಡಿಯಾರವನ್ನು 15 ನಿಮಿಷ ಮುಂದೆ ಇಡಿ. ಅಲ್ಲಿ ವಾರದ ರಜೆ ಶನಿವಾರ, ಅಂದು ದೇವಸ್ಥಾನಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪಶುಪತಿಗೆ ಸೋಮವಾರವೂ ಅಷ್ಟೇ.

ಗೈಡ್ ಬೇಕಾ? ಪಶುಪತಿ ಮತ್ತು ಪಾಟನ್‌ಗೆ ಬೇಕೇ ಬೇಕು, ಉಳಿದ ಎರಡಕ್ಕೆ ಇಲ್ಲದಿದ್ದರೂ ನಡೆಯುತ್ತದೆ. ಹಿಂದಿ ಬಲ್ಲ ಗೈಡ್‌ಗಳು ಬೇಕಾದಷ್ಟು ಜನ ಸಿಗುತ್ತಾರೆ. ಸರ್ಕಾರದ ಲೈಸೆನ್ಸ್ ಕಾರ್ಡ್ ಇದೆಯಾ ಎಂದು ಕೇಳಿ ನೋಡಿ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ದುಡ್ಡು ತಲೆಗಿಷ್ಟೋ ಇಡೀ ಗುಂಪಿಗೋ, ಟಿಕೆಟ್ ಸೇರಿದೆಯೋ ಇಲ್ಲವೋ, ಗಾಡಿ ಕಾಯುತ್ತದೋ ಇಲ್ಲವೋ, ಎಲ್ಲ ಹಿಂದಿನ ಸಂಜೆಯೇ ಮಾತಾಡಿ ಮುಗಿಸಿ. ಮುಖ್ಯವಾಗಿ "ಅಂಗಡಿಗೆ ಕರೆದುಕೊಂಡು ಹೋಗಬೇಡಿ" ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಥಂಕಾ (ಬಟ್ಟೆಯ ಮೇಲೆ ಬರೆದ ಬೌದ್ಧ ಚಿತ್ರ), ಹಾಡುವ ಬಟ್ಟಲು, ರುದ್ರಾಕ್ಷಿ ಅಂತ ಎರಡು ಗಂಟೆ ಅಲ್ಲೇ ಹೋಗುತ್ತದೆ, ಕಮಿಷನ್ ಇರುವುದರಿಂದ ಅವರಿಗೂ ಆತುರ ಇರುವುದಿಲ್ಲ.

ಪಶುಪತಿಗೆ ಬೆಳಕು ಹರಿಯುವ ಹೊತ್ತಿಗೆ ಹೋಗಿ. ಮಧ್ಯಾಹ್ನ ಗರ್ಭಗುಡಿ ಮುಚ್ಚಿದರೆ ಮತ್ತೆ ತೆಗೆಯುವುದು ಸಂಜೆಯೇ. ದಿನದ ಕ್ರಮವನ್ನು ನಾನು ಇಲ್ಲಿಂದ ಶುರು ಮಾಡಿದ್ದೂ ಅದಕ್ಕೇ. ಚರ್ಮದ ಬೆಲ್ಟ್, ಪರ್ಸ್, ಬ್ಯಾಗು ಒಳಗೆ ಬಿಡುವುದಿಲ್ಲ, ರೂಮಿನಲ್ಲೇ ಬಿಟ್ಟು ಬನ್ನಿ. ಚಪ್ಪಲಿಯನ್ನು ಹೂವಿನ ಅಂಗಡಿಯವರು ಇಟ್ಟುಕೊಳ್ಳುತ್ತಾರೆ, ಬದಲಿಗೆ ಒಂದು ಪೂಜೆ ಬುಟ್ಟಿ ಕೊಂಡರೆ ಆಯಿತು. ಬುಟ್ಟಿಯ ಬೆಲೆ ಮೊದಲೇ ಕೇಳಿ. ಚಳಿಗಾಲದಲ್ಲಿ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತರೆ ಪಾದ ಮರಗಟ್ಟುತ್ತದೆ, ವಯಸ್ಸಾದವರನ್ನು ಉದ್ದ ಸಾಲಿನಲ್ಲಿ ನಿಲ್ಲಿಸಬೇಡಿ.

ಪಶ್ಚಿಮದ ಬಾಗಿಲಿನಿಂದ ಒಳಗೆ ಹೋದ ಕೂಡಲೇ ಕಣ್ಣಿಗೆ ಬೀಳುವುದು ನಂದಿಯ ಹಿಂಭಾಗ. ಅಷ್ಟು ದೊಡ್ಡದು, ಮೈತುಂಬಾ ಚಿನ್ನದ ಮುಲಾಮು. ಅದರಾಚೆ ಎರಡು ಅಂತಸ್ತಿನ ಇಳಿಜಾರು ಮಾಡಿನ ಗುಡಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿದವರಿಗೆ ಆ ಮಾಡಿನ ಆಕಾರ ಅಷ್ಟೇನೂ ಹೊಸದೆನಿಸುವುದಿಲ್ಲ. ಗರ್ಭಗುಡಿಗೆ ನಾಲ್ಕು ದಿಕ್ಕಿಗೆ ನಾಲ್ಕು ಬೆಳ್ಳಿ ಬಾಗಿಲು, ಒಳಗೆ ಮುಖಲಿಂಗ, ಅಂದರೆ ಶಿವನ ಮುಖಗಳಿರುವ ಲಿಂಗ. ಪೂರ್ವಕ್ಕೆ ತತ್ಪುರುಷ, ದಕ್ಷಿಣಕ್ಕೆ ಅಘೋರ, ಪಶ್ಚಿಮಕ್ಕೆ ಸದ್ಯೋಜಾತ, ಉತ್ತರಕ್ಕೆ ವಾಮದೇವ. ಮೇಲಿನದು ಈಶಾನ. ಜನ ಒಂದು ಬಾಗಿಲಲ್ಲಿ ನೋಡಿ ವಾಪಸ್ ಹೊರಡುತ್ತಾರೆ. ನೀವು ಹಾಗೆ ಮಾಡಬೇಡಿ, ನಾಲ್ಕೂ ತೆರೆದಿದ್ದರೆ ನಾಲ್ಕೂ ಕಡೆ ನಿಂತು ನೋಡಿ, ಮುಖಗಳ ಭಾವವೇ ಬೇರೆ ಬೇರೆ.

ಇನ್ನು ನಮ್ಮವರಿಗೆ ಖುಷಿಯ ವಿಷಯ. ಇಲ್ಲಿ ಲಿಂಗವನ್ನು ಮುಟ್ಟಿ ಪೂಜೆ ಮಾಡುವ ಭಟ್ಟರು ದಕ್ಷಿಣದವರು, ಈಗಿನ ಕಾಲದಲ್ಲಿ ಹೆಚ್ಚಾಗಿ ಕರ್ನಾಟಕದಿಂದ ಹೋದವರೇ. ಅವರಿಗೆ ಸಹಾಯಕ್ಕೆ ಇರುವ ಭಂಡಾರಿಗಳು ಸ್ಥಳೀಯರು. 2009ರಲ್ಲಿ ನೇಪಾಳದವರನ್ನೇ ಅರ್ಚಕರನ್ನಾಗಿ ಮಾಡಲು ಹೋಗಿ ದೊಡ್ಡ ಗಲಾಟೆಯಾಗಿತ್ತು, ಕೊನೆಗೆ ಹಳೇ ಪದ್ಧತಿಯೇ ಉಳಿಯಿತು. ಜನ ಕಡಿಮೆ ಇದ್ದಾಗ "ನಮಸ್ಕಾರ, ಬೆಂಗಳೂರಿನಿಂದ ಬಂದಿದ್ದೇವೆ" ಅನ್ನಿ. ಅವರ ಉತ್ತರವೂ ಕನ್ನಡದಲ್ಲೇ ಬಂದರೆ ಆಶ್ಚರ್ಯ ಬೇಡ. ಅಂದ ಮಾತ್ರಕ್ಕೆ ಸಾಲು ಬಿಟ್ಟು ಮುಂದೆ ಬಿಡಿ ಎಂದು ಕೇಳಬೇಡಿ ಮತ್ತೆ.

ಕೆಳಗೆ ಬಾಗ್ಮತಿ ದಡದಲ್ಲಿ ಆರ್ಯಘಾಟ್. ಅಲ್ಲಿ ಚಿತೆಗಳು ಉರಿಯುತ್ತಿರುತ್ತವೆ, ಮನೆಯವರು ಅಳುತ್ತಾ ನಿಂತಿರುತ್ತಾರೆ. ಎದುರು ದಡದಿಂದ ಜೂಮ್ ಹಾಕಿ ಫೋಟೊ ತೆಗೆಯುವವರನ್ನು ನೋಡಿದರೆ ಮೈ ಉರಿಯುತ್ತದೆ. ಗೈಡೇ "ತೆಗೀರಿ" ಅಂದರೂ ಬೇಡ.

ಅಲ್ಲಿಂದ ಬೌದ್ಧನಾಥಕ್ಕೆ ಟ್ಯಾಕ್ಸಿ ಹತ್ತಬೇಡಿ. ಸುಮಾರು ಎರಡು ಕಿಲೋಮೀಟರ್ ಅಷ್ಟೇ. ಗುಹ್ಯೇಶ್ವರಿ ದೇವಿಯ ಗುಡಿಗೆ ಹೋಗಿ ಕೈಮುಗಿದು ಹಾಗೇ ಗಲ್ಲಿಗಳಲ್ಲಿ ನಡೆದರೆ ಊರು ನಿಧಾನಕ್ಕೆ ಬದಲಾಗುವುದು ಗೊತ್ತಾಗುತ್ತದೆ, ಕುಂಕುಮದ ಅಂಗಡಿಗಳು ಹಿಂದೆ ಉಳಿದು ಬೆಣ್ಣೆ ದೀಪ, ಧೂಪ, ಬಣ್ಣದ ಪತಾಕೆಗಳು ಶುರುವಾಗುತ್ತವೆ. 1959ರ ನಂತರ ಬಂದ ಟಿಬೆಟನ್ನರು ಈ ಸ್ತೂಪದ ಸುತ್ತ ನೆಲೆಸಿದರು. ಬೈಲಕುಪ್ಪೆಗೆ ಹೋಗಿ ಬಂದವರಿಗೆ ಇಲ್ಲಿನ ವಾತಾವರಣ ಪರಿಚಿತ. ಸ್ತೂಪ ಸುಮಾರು 36 ಮೀಟರ್ ಎತ್ತರ. 2015ರ ಏಪ್ರಿಲ್ ಭೂಕಂಪದಲ್ಲಿ ಮೇಲಿನ ಶಿಖರಕ್ಕೆ ಪೆಟ್ಟಾಗಿತ್ತು, ಅದನ್ನು ಬಿಚ್ಚಿ ಹೊಸದಾಗಿ ಕಟ್ಟಿ 2016ರ ನವೆಂಬರ್‌ನಲ್ಲಿ ಮತ್ತೆ ಪೂಜೆಗೆ ತೆರೆದರು. ನಮ್ಮ ಪ್ರದಕ್ಷಿಣೆಯ ಹಾಗೇ ಸ್ತೂಪ ಬಲಕ್ಕೆ ಬರುವಂತೆ ಸುತ್ತಿ. ಎದುರು ದಿಕ್ಕಿಗೆ ನಡೆದರೆ ಅಜ್ಜಿಯರು ದುರುಗುಟ್ಟಿ ನೋಡುತ್ತಾರೆ. ಬೆಳಗಿನ ತಿಂಡಿ ಇಲ್ಲೇ, ಯಾವುದಾದರೂ ಮಹಡಿ ಮೇಲಿನ ಹೋಟೆಲಿನಲ್ಲಿ ಸ್ತೂಪದ ಮೇಲೆ ಬರೆದ ಬುದ್ಧನ ಕಣ್ಣುಗಳ ಎತ್ತರಕ್ಕೆ ಕೂತು. ಸಸ್ಯಾಹಾರಿಗಳು ಮೊಮೊ ಹೇಳುವಾಗ ಹುಷಾರು, "ಬಫ್" ಅಂದರೆ ಎಮ್ಮೆ ಮಾಂಸ. "ಶಾಕಾಹಾರಿ" ಎಂದು ಒತ್ತಿ ಹೇಳಿ.

ಇನ್ನು ಪಾಟನ್‌ಗೆ ಗಾಡಿ ಬೇಕು. ಪಠಾವೊ, ಇನ್‌ಡ್ರೈವ್ ಆ್ಯಪ್‌ಗಳು ನಡೆಯುತ್ತವೆ. ಟಿಕೆಟ್ ಕೌಂಟರಿನಲ್ಲಿ ನಮಗೆ ಸಾರ್ಕ್ (ದಕ್ಷಿಣ ಏಷ್ಯಾ ದೇಶಗಳವರ) ದರ, ಪಾಸ್‌ಪೋರ್ಟ್ ಅಥವಾ ಐಡಿ ತೋರಿಸಿ ಕೇಳಿ ಪಡೆಯಿರಿ. ಗೈಡ್‌ಗೆ ಕೊಟ್ಟ ದುಡ್ಡು ವಸೂಲಾಗುವುದು ಇಲ್ಲೇ. 1637ರಲ್ಲಿ ಸಿದ್ಧಿನರಸಿಂಹ ಮಲ್ಲ ಕಟ್ಟಿಸಿದ ಕೃಷ್ಣ ಮಂದಿರದ ಮುಂದೆ ನಿಲ್ಲಿಸಿ, ಕಂಬದ ಮೇಲಿನ ಪಟ್ಟಿಯನ್ನು ಒಂದೊಂದೇ ಓದಿಸಿಕೊಳ್ಳಿ. ಕೆಳಗಿನ ಅಂತಸ್ತಿನಲ್ಲಿ ಮಹಾಭಾರತ, ಅದರ ಮೇಲೆ ರಾಮಾಯಣ, ಅಂಗೈ ಅಗಲದ ಶಿಲ್ಪಗಳು, ಪಕ್ಕದಲ್ಲೇ ಈ ಕಣಿವೆಯ ಮೂಲ ಜನರಾದ ನೇವಾರರ ಭಾಷೆಯಲ್ಲಿ ವಿವರ. ಒಳಗೆ ಕೃಷ್ಣ, ಅವನ ಮೇಲೆ ಶಿವ, ಎಲ್ಲಕ್ಕಿಂತ ಮೇಲೆ ಬೌದ್ಧರ ಲೋಕೇಶ್ವರ. ಒಂದೇ ಗುಡಿಯಲ್ಲಿ! "ಇದು ಹಿಂದೂನಾ, ಬೌದ್ಧಾನಾ" ಎಂದು ಪ್ರತಿ ಗುಡಿಯ ಮುಂದೆ ಗೈಡನ್ನು ಕೇಳುತ್ತಾ ಹೋಗಬೇಡಿ. ನೇವಾರರು ಹಾಗೆ ಗೆರೆ ಹಾಕಿ ಬದುಕಿದವರಲ್ಲ. ಕಠ್ಮಂಡುವಿನ ಜೀವಂತ ದೇವಿ ಕುಮಾರಿಯನ್ನೇ ನೋಡಿ, ಬೌದ್ಧ ಶಾಕ್ಯರ ಮನೆಯ ಹುಡುಗಿಯನ್ನು ಹಿಂದೂಗಳು ತಲೇಜು ದೇವಿ ಎಂದು ಪೂಜಿಸುತ್ತಾರೆ. "ಇಲ್ಲಿ ಯಾರು ಯಾವಾಗ ಪೂಜೆ ಮಾಡುತ್ತಾರೆ" ಎಂದು ಕೇಳಿ, ಒಳ್ಳೆ ಕಥೆಗಳು ಬರುತ್ತವೆ. ಹತ್ತಿರದ ಹಿರಣ್ಯವರ್ಣ ಮಹಾವಿಹಾರವನ್ನೂ ಬಿಡಬೇಡಿ, ಅಲ್ಲಿನ ಮುಖ್ಯ ಪೂಜಾರಿ ಹನ್ನೆರಡರೊಳಗಿನ ಹುಡುಗ. ಊಟಕ್ಕೆ ಉದ್ದಿನ ಹಿಟ್ಟಿನ ಬಾರಾ ಕೇಳಿ, ಮೊಟ್ಟೆ ಕೀಮಾ ಇಲ್ಲದೆ "ಸಾದಾ" ಎಂದು ಹೇಳಿ.

ನಾಲ್ಕು ಗಂಟೆಯ ಮೇಲೆ ಸ್ವಯಂಭು. ಪೂರ್ವದ ಕಡೆಯಿಂದ 365 ಮೆಟ್ಟಿಲು, ಕೊನೆಯವಂತೂ ಬಹಳ ಕಡಿದು. ಮಂಡಿ ನೋವಿನವರು ಟ್ಯಾಕ್ಸಿಯಲ್ಲಿ ಹಿಂದಿನ ಗೇಟಿಗೆ ಹೋಗಿ, ಅಲ್ಲಿ ಹತ್ತುವುದು ಕಡಿಮೆ. ಕೈಯಲ್ಲಿ ಬಾಳೆಹಣ್ಣು, ಪ್ಲಾಸ್ಟಿಕ್ ಕವರ್ ಹಿಡಿಯಬೇಡಿ, ಕೋತಿಗಳು ಕೇಳಿಕೊಂಡು ಬರುವುದಿಲ್ಲ. ಮೇಲೆ ಸ್ತೂಪದ ಪಕ್ಕದಲ್ಲೇ ಹಾರತಿ ಅಮ್ಮನ ಗುಡಿ. ಸಿಡುಬಿನ ದೇವಿ, ಮಕ್ಕಳನ್ನು ಕಾಯುವವಳು, ಎರಡೂ ಧರ್ಮದವರ ಸಾಲು ಅಲ್ಲಿ ಒಂದೇ.

ಪಾಟನ್‌ನಲ್ಲೇ ಸುಸ್ತಾಗಿದ್ದರೆ ಸ್ವಯಂಭು ಬಿಟ್ಟುಬಿಡಿ. ಬದಲಿಗೆ ಪಶುಪತಿಯ ಪೂರ್ವ ದಡಕ್ಕೆ ಹೋದರೆ ಸಂಜೆ ಬಾಗ್ಮತಿ ಆರತಿ ಕೂತಲ್ಲೇ ಸಿಗುತ್ತದೆ. ಎರಡನ್ನೂ ಹಿಡಿಯಲು ಹೋಗಬೇಡಿ, ಆ ಹೊತ್ತಿನ ಟ್ರಾಫಿಕ್‌ನಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಆರತಿ ಮುಗಿದಿರುತ್ತದೆ.