ಎಂಟು ಸಾವಿರದಲ್ಲಿ ನಾಲ್ಕು ಸಾವಿರ: ಅಪ್ರೆಂಟಿಸ್ ತಗೊಂಡ ನನ್ನ ಅನುಭವ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಲೋಹದ ಬಿಡಿಭಾಗ ಮಾಡಿಕೊಡುವ ನಮ್ಮದೊಂದು ಸಣ್ಣ ಮಶೀನ್ ಶಾಪ್ ಇದೆ. ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಮಶೀನುಗಳು ಮೂರು: ಎರಡು ಸಿಎನ್‌ಸಿ ಲೇತ್, ಒಂದು ವಿಎಂಸಿ. 18 ಜನ. ಡಿಪ್ಲೊಮಾ ಮುಗಿಸಿದ ಮಕ್ಕಳು ಕೆಲಸ ಕೇಳಿಕೊಂಡು ಬಂದರೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಅನುಭವ ಇದೆಯಾ? ಇಲ್ಲ ಅಂದರೆ ಕಳಿಸಿಬಿಡುತ್ತಿದ್ದೆ. ಕಲಿಸುವ ಮನಸ್ಸಿಲ್ಲ ಅಂತಲ್ಲ. ಕಲಿಯುವಷ್ಟು ದಿನವೂ ಸಂಬಳ ಕೊಡುವುದು ನಮ್ಮಂಥವರಿಗೆ ಭಾರ.

2022ರಲ್ಲಿ ನಮ್ಮ ಆಡಿಟರ್ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಬಗ್ಗೆ ಹೇಳಿದರು. ಡಿಗ್ರಿ, ಡಿಪ್ಲೊಮಾ ಮುಗಿಸಿದವರಿಗೆ ಕೇಂದ್ರ ಸರ್ಕಾರದ ಒಂದು ವರ್ಷದ ಅಪ್ರೆಂಟಿಸ್, ಅಂದರೆ ಕೆಲಸದ ಜಾಗದಲ್ಲೇ ಕಲಿಯುವ ಯೋಜನೆ ಅದು. ಡಿಪ್ಲೊಮಾದವರಿಗೆ ಆಗ ತಿಂಗಳಿಗೆ ಕನಿಷ್ಠ 8,000 ರೂಪಾಯಿ ಸ್ಟೈಪೆಂಡ್ (ತರಬೇತಿ ಭತ್ಯೆ) ಇತ್ತು. ಅದರಲ್ಲಿ ಅರ್ಧ, ಅಂದರೆ 4,000 ಸರ್ಕಾರದ್ದು. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಅಪ್ರೆಂಟಿಸ್ ತಗೊಳ್ಳುವುದು ಕಡ್ಡಾಯ. ನಮ್ಮಂಥ ಸಣ್ಣವರಿಗೆ ಇಷ್ಟವಿದ್ದರೆ ಉಂಟು. ಒಟ್ಟು ಕೆಲಸಗಾರರಲ್ಲಿ ನೂರಕ್ಕೆ ಹದಿನೈದರ ಮಿತಿ ಇರುವುದರಿಂದ ನಮಗೆ ಇಬ್ಬರು ಸಿಗುತ್ತಿದ್ದರು.

ನ್ಯಾಟ್ಸ್ ಪೋರ್ಟಲ್‌ನಲ್ಲಿ (ವೆಬ್‌ಸೈಟಿನಲ್ಲಿ) ಕಂಪನಿಯ ನೋಂದಣಿ ಕಷ್ಟವಲ್ಲ. ಎಡವಿದ್ದು ಬೇರೆ ಕಡೆ. ಇಬ್ಬರೂ ಒಂದನೇ ತಾರೀಖಿಗೆ ಬಂದರು, ನಾನು ಪೋರ್ಟಲ್‌ನಲ್ಲಿ ಕಾಂಟ್ರ್ಯಾಕ್ಟ್ (ತರಬೇತಿ ಒಪ್ಪಂದ) ಹಾಕಿದ್ದು ಇಪ್ಪತ್ತಕ್ಕೆ. ಆ ಹತ್ತೊಂಬತ್ತು ದಿನ ಲೆಕ್ಕಕ್ಕೇ ಬರಲಿಲ್ಲ. ಮೊದಲ ತಿಂಗಳ ಸ್ಟೈಪೆಂಡ್ ಕೈಗೆ ಕ್ಯಾಶ್ ಕೊಟ್ಟಿದ್ದೆ, ಬ್ಯಾಂಕ್ ದಾಖಲೆ ಇಲ್ಲದೆ ಸರ್ಕಾರದ ಪಾಲಿಗೆ ಹಾಕಿದ ಕ್ಲೇಮ್ ವಾಪಸ್ ಬಂತು. ಹಾಗಾಗಿ ಹೊಸಬರಿಗೆ ನಾನು ಹೇಳುವುದು ಇಷ್ಟೇ: ಮೊದಲು ಕಾಂಟ್ರ್ಯಾಕ್ಟ್, ಆಮೇಲೆ ಕೆಲಸ. ಹಣ ಖಾತೆಗೇ ಹಾಕಿ, ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ. ಹಾಜರಿ ಪುಸ್ತಕ ಅವತ್ತವತ್ತೇ ಬರೆಯಿರಿ. ಆಗೆಲ್ಲ ಪೂರ್ತಿ ಹಣ ನಾವೇ ಕೊಟ್ಟು ಮೂರು ತಿಂಗಳಿಗೊಮ್ಮೆ ಅರ್ಧ ವಾಪಸ್ ಕೇಳಬೇಕಿತ್ತು. 2024ರ ಜುಲೈನಲ್ಲಿ ನ್ಯಾಟ್ಸ್ 2.0 ಪೋರ್ಟಲ್ ಬಂತು. ಈಗ ಸರ್ಕಾರದ ಪಾಲು ನೇರ ಮಕ್ಕಳ ಖಾತೆಗೇ ಹೋಗುತ್ತದೆ. ಕೈಯಲ್ಲಿ ರೊಕ್ಕ ಓಡಾಡಬೇಕಾದ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ.

ಒಬ್ಬರಿಗೆ ವರ್ಷಕ್ಕೆ 48,000 ಅಂದರೆ ದೊಡ್ಡ ಮೊತ್ತವೇನಲ್ಲ. ಆದರೆ ಆ ಹಣ ನನಗೆ ತಾಳ್ಮೆ ಕೊಟ್ಟಿತು. ಬಂದ ದಿನದಿಂದಲೇ ಪ್ರೊಡಕ್ಷನ್ ಕೊಡಬೇಕು ಅನ್ನುವ ಒತ್ತಡ ಹೋಯಿತು. ಮೂರು ತಿಂಗಳು ಬರೀ ಅಳತೆ ಕಲಿಯಲಿ ಅಂತ ಬಿಟ್ಟೆ.

ಆಗ ನಮಗೊಂದು ತಲೆನೋವಿತ್ತು. 50 ಮಿಲಿಮೀಟರ್ ವ್ಯಾಸದ ಉಕ್ಕಿನ ಪಿನ್ ಮಾಡಿಕೊಡುತ್ತಿದ್ದೆವು. ಇಲ್ಲಿ ಸರಿ ಇದ್ದದ್ದು ಗಿರಾಕಿ ಹತ್ತಿರ ಹೋದಾಗ ಸಣ್ಣದಾಗಿರುತ್ತಿತ್ತು, ರಿಜೆಕ್ಟ್. ಇಬ್ಬರಲ್ಲಿ ಒಬ್ಬಳು, ಧಾರವಾಡದ ಹುಡುಗಿ, ಒಂದು ಮುಂಜಾನೆ ಮೈಕ್ರೋಮೀಟರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿದು ಬಂದಳು. "ಸರ್, ನಿನ್ನೆ ಅಳದಾಗ ಬ್ಯಾರೆ ಇತ್ತು, ಇವತ್ತ ಕಡಿಮಿ ಬರಾಕತ್ತೈತಿ. ಯಾಕ್ರೀ?" ನಾನು ಮೈಕ್ರೋಮೀಟರನ್ನೇ ಬೈದೆ. ಅವಳು ಬಿಡಲಿಲ್ಲ. ಮಶೀನಿನಿಂದ ಇಳಿಸಿದ ತಕ್ಷಣ ಒಂದು ಸಲ, ಕಾಲು ಗಂಟೆ ಬಿಟ್ಟು ಒಂದು ಸಲ, ಮರುದಿನ ಒಂದು ಸಲ ಅಂತ ನಲವತ್ತು ಪಿನ್ ಅಳೆದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದಳು.

ಬಿಸಿ ಪಿನ್ ಅಳೆಯುತ್ತಿದ್ದೆವು, ಅಷ್ಟೇ. 20 ಡಿಗ್ರಿ ಬಿಸಿ ಜಾಸ್ತಿ ಇದ್ದರೆ ಅಷ್ಟು ದಪ್ಪದ ಉಕ್ಕು ಹತ್ತು ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ) ತುಸು ಹೆಚ್ಚೇ ಹಿಗ್ಗುತ್ತದೆ. ಪುಸ್ತಕದಲ್ಲಿ ಓದಿದ್ದೇ, ಅಲ್ವಾ? ಕೆಲಸದ ಗಡಿಬಿಡಿಯಲ್ಲಿ ನಮಗ್ಯಾರಿಗೂ ಹೊಳೆದಿರಲಿಲ್ಲ. ಅವತ್ತಿನಿಂದ ಪಿನ್ ತಣ್ಣಗಾದ ಮೇಲೇ ಅಳೆಯುತ್ತೇವೆ. ಆ ರಿಜೆಕ್ಷನ್ ನಿಂತಿತು.

ಅಪ್ರೆಂಟಿಸ್‌ಗಳಿಗೆ ಪಿಎಫ್, ಇಎಸ್‌ಐ ಕಟ್ಟಬೇಕಿಲ್ಲ. ಅದಕ್ಕೇ ಕೆಲವರು ಇವರನ್ನು ಅಗ್ಗದ ಆಳು ಅಂದುಕೊಂಡು ಕಸ ಗುಡಿಸಲು, ಲೋಡ್ ಹೊರಲು ಹಚ್ಚುತ್ತಾರೆ. ನೋಡಿದಾಗ ಹೊಟ್ಟೆ ಉರಿಯುತ್ತದೆ. ಕೊನೆಗೆ ಆ ಮಕ್ಕಳಿಗೆ ಸಿಗುವುದು ಸರ್ಕಾರದ ಸರ್ಟಿಫಿಕೇಟ್. ಅದರ ಹಿಂದೆ ಕೆಲಸ ಗೊತ್ತಿರುವ ಕೈ ಇರಬೇಕಲ್ಲ.

ವರ್ಷ ಮುಗಿದ ಮೇಲೆ ಹುಡುಗ ಬೆಂಗಳೂರಿಗೆ ಹೋದ. ಅವಳು ನಮ್ಮಲ್ಲೇ ಉಳಿದು ಕ್ವಾಲಿಟಿ ನೋಡಿಕೊಳ್ಳುತ್ತಾಳೆ. ಮುಂದಿನ ವಾರ ಹೊಸಬರನ್ನು ಆರಿಸಲು ಪಾಲಿಟೆಕ್ನಿಕ್‌ಗೆ ಹೋಗುತ್ತಿದ್ದೇವೆ. ಈ ಸಲ ಪ್ರಶ್ನೆ ಕೇಳುವವಳು ಅವಳೇ. ಅನುಭವ ಇದೆಯಾ ಅನ್ನುವ ಪ್ರಶ್ನೆ ಅವಳ ಪಟ್ಟಿಯಲ್ಲಿಲ್ಲ.