ತೂಕ ಇಳಿಸಿದ ಮೇಲೆ ಸ್ತನ ಶಸ್ತ್ರಚಿಕಿತ್ಸೆ: ದಿನ ಗೊತ್ತುಮಾಡುವುದು ಹೇಗೆ?

ತೂಕ ಇಳಿಸಿಕೊಳ್ಳುತ್ತಿರುವ ಮಹಿಳೆಯರಲ್ಲಿ ಅನೇಕರು ಗುರಿ ಮುಟ್ಟುವ ಮುನ್ನವೇ, ಇಲ್ಲವೇ ಮುಟ್ಟಿದ ವಾರವೇ, ಸ್ತನದ ಸೌಂದರ್ಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಳ್ಳುವುದನ್ನು ನಾನು ಕಂಡಿದ್ದೇನೆ. ವರ್ಷ ಕಳೆಯುವಷ್ಟರಲ್ಲಿ ಮತ್ತೊಂದಿಷ್ಟು ಕಿಲೋ ಇಳಿದು, ಎತ್ತಿ ಕೂರಿಸಿದ ಸ್ತನ ಪುನಃ ಜೋತು, ಹಳೆಯ ಕಲೆಗಳ ಮೇಲೆಯೇ ಎರಡನೇ ಸಲ ಕೊಯ್ಯಬೇಕಾಗಿ ಬಂದಾಗ ಅವರು ಪಡುವ ಸಂಕಟ ಸಣ್ಣದಲ್ಲ. ಅಂತಹ ಬಹಳಷ್ಟು ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ನಡೆದಿರುತ್ತದೆ. ಆರಿಸಿಕೊಂಡ ತಿಂಗಳು ಮಾತ್ರ ತಪ್ಪಾಗಿರುತ್ತದೆ.

ಸ್ತನದೊಳಗೆ ಹಾಲಿನ ಗ್ರಂಥಿಗಳು, ಕೊಬ್ಬು ಮತ್ತು ಇವೆರಡನ್ನೂ ಹಿಡಿದಿಡುವ ತಂತುಗಳು ಇರುತ್ತವೆ. ಕೊಬ್ಬಿನ ಪಾಲು ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುವುದರಿಂದ ಹತ್ತು ಕಿಲೋ ಇಳಿಸಿದ ಇಬ್ಬರಲ್ಲಿ ಸ್ತನ ಒಂದೇ ರೀತಿ ಕುಗ್ಗುವುದಿಲ್ಲ. ಕೊಬ್ಬು ಕರಗಿದರೂ ಹಿಗ್ಗಿದ್ದ ಚರ್ಮ ಅಷ್ಟೇ ಪ್ರಮಾಣದಲ್ಲಿ ಹಿಂದಕ್ಕೆ ಸರಿಯದ ಕಾರಣ, ಮೇಲ್ಭಾಗ ಬರಿದಾಗಿ ತೊಟ್ಟು ಕೆಳಗಿಳಿಯುತ್ತದೆ. ಈ ಸಡಿಲ ಚರ್ಮವನ್ನು ಬಿಗಿಗೊಳಿಸುವುದಾಗಿ ಹೇಳಿಕೊಳ್ಳುವ ಕ್ರೀಮು, ಎಣ್ಣೆಗಳಿಗೆ ಒಂದು ಪೈಸೆಯನ್ನೂ ಖರ್ಚು ಮಾಡಬೇಡಿ. ಜೋತ ಸ್ತನವನ್ನು ಮೇಲೆತ್ತುವ ಲೇಪನ ಯಾವುದೂ ಇಲ್ಲ.

ಮೊದಲು, ಇನ್ನೆಷ್ಟು ತೂಕ ಇಳಿಸಲಿದ್ದೀರಿ ಎಂಬುದನ್ನು ಪ್ರಾಮಾಣಿಕವಾಗಿ ನಿರ್ಧರಿಸಿ. ನೀವು ನಿಭಾಯಿಸಬಲ್ಲ ತೂಕಕ್ಕಿಂತ ನಾಲ್ಕೈದು ಕಿಲೋಗೂ ಹೆಚ್ಚು ದೂರದಲ್ಲಿದ್ದರೆ ದಿನ ಗೊತ್ತುಮಾಡುವ ಮಾತು ಬೇಡ. ಸದ್ಯದಲ್ಲೇ ಗರ್ಭ ಧರಿಸುವ ಯೋಚನೆಯಿದ್ದರೂ ಮುಂದೂಡುವುದು ಒಳ್ಳೆಯದು. ಹಾಲೂಡಿಸುತ್ತಿದ್ದವರು ಅದನ್ನು ನಿಲ್ಲಿಸಿ ಕನಿಷ್ಠ ಮೂರು ತಿಂಗಳು ಕಾಯಬೇಕು. ಆರು ತಿಂಗಳಾದರೆ ಇನ್ನೂ ಒಳಿತು.

ಎರಡನೆಯದು ತೂಕ ನಿಲ್ಲುವವರೆಗೆ ಕಾಯುವ ಹಂತ, ಹೆಚ್ಚಿನವರು ಎಡವುವುದು ಇಲ್ಲಿಯೇ. ಸಾಮಾನ್ಯವಾಗಿ ಪ್ಲಾಸ್ಟಿಕ್ ಸರ್ಜನ್ನರು ತೂಕ ಮೂರರಿಂದ ಆರು ತಿಂಗಳ ಕಾಲ ಸ್ಥಿರವಾಗಿರಬೇಕೆಂದು ಕೇಳುತ್ತಾರೆ. ನನ್ನನ್ನು ಕೇಳಿದರೆ ಆರಕ್ಕಿಂತ ಕಡಿಮೆ ಬೇಡವೇ ಬೇಡ. ಎಣಿಕೆ ಶುರುವಾಗುವುದು ಗುರಿ ತೂಕ ಒಮ್ಮೆ ಕಾಣಿಸಿದ ದಿನದಿಂದಲ್ಲ, ಇಳಿಕೆ ನಿಂತು, ನೀವು ಮುಂದೆಯೂ ಉಣ್ಣಲಿರುವ ದಿನನಿತ್ಯದ ಊಟಕ್ಕೆ ಮರಳಿದ ದಿನದಿಂದ. ಕಟ್ಟುನಿಟ್ಟಾದ ಪಥ್ಯದಲ್ಲಿ ಇರುವಷ್ಟು ಕಾಲ ತೂಕ ಎಷ್ಟೇ ಸ್ಥಿರವಾಗಿ ಕಂಡರೂ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ವಾರಕ್ಕೊಮ್ಮೆ, ಪ್ರತಿ ವಾರವೂ ಒಂದೇ ದಿನ, ಬೆಳಿಗ್ಗೆ ಶೌಚ ಮುಗಿಸಿ, ಏನನ್ನೂ ತಿನ್ನುವ ಮೊದಲು, ಒಂದೇ ಯಂತ್ರದ ಮೇಲೆ ನಿಂತು ಬರೆದಿಟ್ಟುಕೊಳ್ಳಿ. ಮುಟ್ಟಿನ ಆಸುಪಾಸಿನಲ್ಲಿ ಮೈಯಲ್ಲಿ ನೀರು ನಿಲ್ಲುವುದರಿಂದ ಒಂದೆರಡು ಕಿಲೋ ಏರಿಳಿಯಬಹುದು, ಅದಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ತಿಂಗಳ ಸರಾಸರಿಯೇ ಒಂದು ದಿಕ್ಕಿಗೆ ಸರಿಯುತ್ತಿದ್ದರೆ ಎಣಿಕೆಯನ್ನು ಮತ್ತೆ ಒಂದರಿಂದ ಆರಂಭಿಸಿ. ಜೊತೆಗೆ ತಿಂಗಳಿಗೊಮ್ಮೆ ಸ್ತನದ ಕೆಳಗಿನ ಸುತ್ತಳತೆ ಮತ್ತು ತುಂಬು ಎದೆಯ ಸುತ್ತಳತೆಯನ್ನು ಟೇಪಿನಿಂದ ಅಳೆಯಿರಿ, ಏಕೆಂದರೆ ಕಿಲೋ ಬದಲಾಗದಿದ್ದರೂ ವ್ಯಾಯಾಮದಿಂದ ಕೊಬ್ಬು ಕರಗಿ ಸ್ನಾಯು ಬೆಳೆಯುತ್ತಿರಬಹುದು.

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ (ತೂಕ ಇಳಿಸಲು ಜಠರ ಅಥವಾ ಕರುಳಿಗೆ ಮಾಡುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರಲ್ಲಿ ತೂಕ ಇಳಿಯುತ್ತಲೇ ಇರುವುದರಿಂದ ಅವರು ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾಯಬೇಕಾಗುತ್ತದೆ. ಸೆಮಾಗ್ಲುಟೈಡ್ ಅಥವಾ ಟಿರ್ಜೆಪಟೈಡ್ ಚುಚ್ಚುಮದ್ದಿನಿಂದ ತೂಕ ಇಳಿಸಿದವರ ಲೆಕ್ಕ ಇನ್ನೂ ನಾಜೂಕಾದುದು. ಮದ್ದು ನಿಲ್ಲಿಸಿದವರಲ್ಲಿ ಅನೇಕರ ತೂಕ ಮರಳುತ್ತದೆ. ಆದ್ದರಿಂದ ಮದ್ದನ್ನು ಮುಂದುವರಿಸುವಿರೋ ಬಿಡುವಿರೋ ಎಂಬುದನ್ನು ವೈದ್ಯರೊಂದಿಗೆ ಮೊದಲು ತೀರ್ಮಾನಿಸಿ, ಆ ಸ್ಥಿತಿಯಲ್ಲಿ ತೂಕ ನಿಂತ ಮೇಲಷ್ಟೇ ತಿಂಗಳು ಎಣಿಸಿ. ಶಸ್ತ್ರಚಿಕಿತ್ಸೆಯ ದಿನ ಹತ್ತಿರವಾಯಿತೆಂದು ಕೊನೆಯ ಮೂರು ವಾರ ಉಪವಾಸ ಬಿದ್ದು ಇನ್ನೆರಡು ಕಿಲೋ ಇಳಿಸಲು ಹೊರಡುವುದು ಎಲ್ಲಕ್ಕಿಂತ ಕೆಟ್ಟ ಅಡ್ಡದಾರಿ. ಗಾಯ ಮಾಯಲು ಬೇಕಾದ ಪ್ರೋಟೀನನ್ನೇ ಅದು ಕಸಿದುಕೊಳ್ಳುತ್ತದೆ.

ಮೂರನೆಯದಾಗಿ, ನಿಮಗೆ ಬೇಕಿರುವುದು ಯಾವ ಶಸ್ತ್ರಚಿಕಿತ್ಸೆ ಎಂದು ತಿಳಿಯಿರಿ. ಕನ್ನಡಿಯ ಮುಂದೆ ನಿಂತಾಗ ತೊಟ್ಟು ಸ್ತನದ ಕೆಳಮಡಿಕೆಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಬ್ರೆಸ್ಟ್ ಲಿಫ್ಟ್, ಅಂದರೆ ಸ್ತನವನ್ನು ಎತ್ತಿ ಕೂರಿಸುವ ಶಸ್ತ್ರಚಿಕಿತ್ಸೆ, ಬೇಕಾಗುತ್ತದೆ. ಇಂಪ್ಲಾಂಟ್ (ಸ್ತನದೊಳಗೆ ಇಡುವ ಕೃತಕ ಚೀಲ) ಒಂದನ್ನೇ ತೂರಿಸಿದರೆ ಅದರ ಭಾರಕ್ಕೆ ಸಡಿಲ ಚರ್ಮ ಮತ್ತಷ್ಟು ಇಳಿಯುತ್ತದೆ. ದೇಹದ ಬೇರೆಡೆಯ ಕೊಬ್ಬನ್ನು ಸ್ತನಕ್ಕೆ ತುಂಬಿಸಿಕೊಳ್ಳುವವರು, ಆ ಕೊಬ್ಬು ಹೊಸ ಜಾಗದಲ್ಲಿಯೂ ತೂಕದೊಂದಿಗೆ ಕರಗುತ್ತದೆ, ಹಿಗ್ಗುತ್ತದೆ ಎಂಬುದನ್ನು ಮರೆಯಬಾರದು. ಫಿಲ್ಲರ್ (ಚರ್ಮದಡಿ ಚುಚ್ಚಿ ತುಂಬುವ ದ್ರವ್ಯ) ಚುಚ್ಚಿಸಿ ಸ್ತನ ತುಂಬಿಸುವ ಸುಲಭದ ದಾರಿಯನ್ನು ಯಾರೇ ಸೂಚಿಸಿದರೂ ಒಪ್ಪಬೇಡಿ; ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಈ ಬಳಕೆಗೆ ಅನುಮತಿ ನೀಡಿಲ್ಲ.

ಕಾಯುವ ನಿಯಮಕ್ಕೆ ನಾನು ಒಪ್ಪುವ ವಿನಾಯಿತಿ ಒಂದೇ. ಸ್ತನದ ಭಾರದಿಂದ ಕತ್ತು, ಬೆನ್ನು, ಭುಜ ನೋಯುತ್ತ, ಕೆಳಮಡಿಕೆಯ ಚರ್ಮ ಪದೇಪದೇ ಕೆರಳುತ್ತ, ಓಡಾಡಿ ತೂಕ ಇಳಿಸುವುದೇ ದುಸ್ತರವಾಗಿರುವವರು ಸ್ತನದ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆಯನ್ನು ಮೊದಲೇ ಮಾಡಿಸಿಕೊಳ್ಳುವುದರಲ್ಲಿ ಅರ್ಥವಿದೆ. ಬೊಜ್ಜು ಹೆಚ್ಚಿದ್ದಷ್ಟೂ ಗಾಯ ಬಿರಿಯುವ, ಸೋಂಕು ತಗಲುವ ಅಪಾಯ ಹೆಚ್ಚೆಂಬುದನ್ನೂ, ಮುಂದೆ ತೂಕ ಇಳಿದಾಗ ಆಕಾರ ಬದಲಾಗಬಹುದೆಂಬುದನ್ನೂ ಅರಿತೇ ಅವರು ಒಪ್ಪಿಗೆ ಕೊಡಬೇಕು.

ದಿನ ಗೊತ್ತಾದ ಮೇಲೆ ಹಿಮೋಗ್ಲೋಬಿನ್, ಕಬ್ಬಿಣಾಂಶ, ಬಿ12 ಮತ್ತು ಪ್ರೋಟೀನ್ ಮಟ್ಟವನ್ನು ಪರೀಕ್ಷಿಸಿಕೊಳ್ಳಿ. ವಯಸ್ಸು 40 ದಾಟಿದ್ದರೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ ಪರೀಕ್ಷೆ) ಬಗ್ಗೆ ವಿಚಾರಿಸಿ. ಧೂಮಪಾನವನ್ನು ಮೊದಲೂ ನಂತರವೂ ಕನಿಷ್ಠ ನಾಲ್ಕು ವಾರ ಬಿಡಬೇಕು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ತೊಟ್ಟಿನ ಭಾಗವೇ ಕೊಳೆತುಹೋಗುವ ಅಪಾಯವಿದೆ. ತೂಕದ ಚುಚ್ಚುಮದ್ದು ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, ಹಾಗಾಗಿ ಅದರ ಸಂಗತಿಯನ್ನು ಅರಿವಳಿಕೆ ತಜ್ಞರಿಂದ ಮುಚ್ಚಿಡಲೇಬಾರದು.

ಬಹಳ ತೂಕ ಇಳಿಸಿದವರು ಪಕ್ಕೆಯ ಜೋಲು ಮಡಿಕೆಗಳನ್ನು ಮೊದಲು ತೆಗೆಸಿಬಿಡುವ ಆತುರ ತೋರುತ್ತಾರೆ. ಅದೇ ಅಂಗಾಂಶವನ್ನು ಸ್ತನ ತುಂಬಲು ಬಳಸಲು ಕೆಲವೊಮ್ಮೆ ಸಾಧ್ಯವಿರುವುದರಿಂದ, ಎಲ್ಲ ಶಸ್ತ್ರಚಿಕಿತ್ಸೆಗಳ ಅನುಕ್ರಮವನ್ನು ಒಬ್ಬರೇ ಸರ್ಜನ್ನರೊಂದಿಗೆ ಒಟ್ಟಿಗೆ ಚರ್ಚಿಸಿ.

ಶಸ್ತ್ರಚಿಕಿತ್ಸೆಯ ನಂತರ ನಾಲ್ಕರಿಂದ ಆರು ವಾರ ಬಿರುಸಿನ ವ್ಯಾಯಾಮ ಕೂಡದು. ವೈದ್ಯರು ಅನುಮತಿಸಿದಷ್ಟು ನಡೆದಾಡಿ, ವಾರದ ತೂಕ ಬರೆಯುವುದನ್ನು ಮುಂದುವರಿಸಿ. ಬಾವು ಪೂರ್ತಿ ಇಳಿದು ಆಕಾರ ನೆಲೆಗೊಳ್ಳಲು ಆರು ತಿಂಗಳಿಂದ ಒಂದು ವರ್ಷ ಬೇಕಾಗುವುದರಿಂದ, ಹೊಸ ಅಳತೆಯ ಬ್ರಾಗಳನ್ನು ಮೂರು ತಿಂಗಳಿಗೆ ಮೊದಲು ಕೊಳ್ಳಬೇಡಿ.