ಮನೆಯ ಕೋಣೆಯಲ್ಲಿ ಲಾರ್ಜ್ ಫಾರ್ಮ್ಯಾಟ್ ಭಾವಚಿತ್ರ: ಒಂದೇ ದೀಪದಿಂದ ಬೆಳಕು ಕಲಿಯುವ ಕ್ರಮ

4×5 ಇಂಚಿನ ಬಿಡಿ ಹಾಳೆಯ ಫಿಲಂ (ಶೀಟ್ ಫಿಲಂ) ಬಳಸುವ ಲಾರ್ಜ್ ಫಾರ್ಮ್ಯಾಟ್, ಅಂದರೆ ದೊಡ್ಡ ಅಳತೆಯ, ಕ್ಯಾಮೆರಾದಲ್ಲಿ ಭಾವಚಿತ್ರ ತೆಗೆಯಲು ಹೊರಟವರು ಒಂದು ಸಂಗತಿಯನ್ನು ಮೊದಲೇ ಮನಗಾಣಬೇಕು. ಫಿಲಂ ಮೇಲೆ ಬೆಳಕು ಬೀಳುವ ಕ್ಷಣದಲ್ಲಿ ಛಾಯಾಗ್ರಾಹಕರಿಗೆ ಚಿತ್ರ ಕಾಣಿಸುವುದೇ ಇಲ್ಲ. ಕ್ಯಾಮೆರಾದ ಹಿಂಬದಿಯ ಮಸುಕು ಗಾಜಿನ (ಗ್ರೌಂಡ್ ಗ್ಲಾಸ್) ಮೇಲೆ ತಲೆಕೆಳಗಾಗಿ ಮೂಡಿದ ಮುಖವನ್ನು ಭೂತಗನ್ನಡಿಯಿಂದ ನೋಡಿ ಫೋಕಸ್ ಮಾಡಿದ ಮೇಲೆ ಷಟರ್ ಮುಚ್ಚಬೇಕು, ಬೆಳಕು ಒಳಬರುವ ಕಿಂಡಿಯಾದ ಅಪರ್ಚರ್ ಕಿರಿದಾಗಿಸಬೇಕು, ಷಟರ್‌ನ ಸ್ಪ್ರಿಂಗ್ ಬಿಗಿಯಬೇಕು, ಫಿಲಂ ಹೋಲ್ಡರ್ ತೂರಿಸಿ ಫಿಲಂ ಮುಚ್ಚಿರುವ ತೆಳು ಫಲಕವನ್ನು (ಡಾರ್ಕ್ ಸ್ಲೈಡ್) ಎಳೆಯಬೇಕು. ಇಷ್ಟು ಮುಗಿಯುವಷ್ಟರಲ್ಲಿ ಅರ್ಧ ನಿಮಿಷ ಕಳೆದು, ಕುಳಿತವರ ತಲೆ ಒಂದೆರಡು ಸೆಂಟಿಮೀಟರ್ ಹಿಂದಕ್ಕೋ ಮುಂದಕ್ಕೋ ಸರಿದಿರುತ್ತದೆ. ಮನೆಯಲ್ಲಿ ನಾವು ಕಟ್ಟುವ ಬೆಳಕು ಈ ಅರ್ಧ ನಿಮಿಷವನ್ನು ತಾಳಿಕೊಳ್ಳುವಂತಿರಬೇಕು ಎಂಬುದೇ ಮುಂದಿನ ಎಲ್ಲ ಸಲಹೆಗಳ ಆಧಾರ.

ತಲೆ ಮತ್ತು ಭುಜ ತುಂಬುವ ಚಿತ್ರಕ್ಕೆ 210 ಮಿಲಿಮೀಟರ್ ಲೆನ್ಸ್ ಹಿತವಾಗಿರುತ್ತದೆ. ಒಂದೂವರೆ ಮೀಟರ್ ದೂರದಲ್ಲಿ ಕುಳಿತವರನ್ನು ಅದರ ಮೂಲಕ ಎಫ್ 5.6 ಅಪರ್ಚರ್‌ನಲ್ಲಿ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು 5 ಸೆಂಟಿಮೀಟರ್ ಮಾತ್ರ. ಎಫ್ 11ರಲ್ಲಿ ಅದು ಸುಮಾರು 10, ಎಫ್ 16ರಲ್ಲಿ ಸುಮಾರು 14. ಮೂಗಿನ ತುದಿಯಿಂದ ಕಿವಿಯವರೆಗಿನ ಅಂತರವೇ 10 ಸೆಂಟಿಮೀಟರ್ ದಾಟುವುದರಿಂದ, ಕಣ್ಣುಗಳಾದರೂ ಖಚಿತವಾಗಿ ಸ್ಪಷ್ಟವಿರಬೇಕೆಂದರೆ ಎಫ್ 11 ಅಥವಾ ಎಫ್ 16ಕ್ಕೆ ಸಾಲುವಷ್ಟು ಬೆಳಕು ಬೇಕು. ಲೆನ್ಸ್ ಪೂರ್ತಿ ತೆರೆದು ಒಂದು ಕಣ್ಣನ್ನಷ್ಟೇ ಸ್ಪಷ್ಟವಾಗಿಸುವ ಶೈಲಿಯೂ ಇದೆಯಾದರೂ, ಕಲಿಯುವ ಹಂತದಲ್ಲಿ ಅದು ಫಿಲಂ ಹಾಳುಮಾಡುವುದೇ ಹೆಚ್ಚು.

ಕಿಟಕಿಯ ಬೆಳಕು ಸುಂದರವಾದುದು, ಖರ್ಚಿಲ್ಲದ್ದು. ಅಮೆರಿಕದ ರಿಚರ್ಡ್ ಅವೆಡನ್ 1979ರಿಂದ 1984ರವರೆಗೆ ತಮ್ಮ ದೇಶದ ಪಶ್ಚಿಮ ಭಾಗದ ಜನರನ್ನು 8×10 ಇಂಚಿನ ಕ್ಯಾಮೆರಾದಲ್ಲಿ ಸೆರೆಹಿಡಿದಾಗ ದೀಪಗಳನ್ನೇ ಬಳಸದೆ, ಬಿಳಿ ಕಾಗದದ ಹಿನ್ನೆಲೆಯ ಮುಂದೆ ನೆರಳಿನ ಬೆಳಕಿನಲ್ಲೇ ಕೆಲಸ ಮುಗಿಸಿದರು. ಆದರೆ ನಮ್ಮ ಮನೆಗಳ ಒಳಗೆ, ಅದರಲ್ಲೂ ಮಳೆಗಾಲದಲ್ಲಿ, ಎಫ್ 11ಕ್ಕೆ ಅರ್ಧ ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಸಮಯ ಬೇಕಾದೀತು. ಉಸಿರಾಡುವ ಮನುಷ್ಯರಿಗೆ ಅದು ದೀರ್ಘವೇ. ಆದ್ದರಿಂದ ನೆರಳು ಹೇಗೆ ಬೀಳುತ್ತದೆ ಎಂಬುದನ್ನು ಎಲ್‌ಇಡಿ ದೀಪದಲ್ಲಿ ಕಣ್ಣಾರೆ ನೋಡಿ ಕಲಿಯುವುದು, ಚಿತ್ರವನ್ನು ಮಾತ್ರ ಅದೇ ಜಾಗದಲ್ಲಿಟ್ಟ ಫ್ಲ್ಯಾಷ್‌ನಿಂದ ತೆಗೆಯುವುದು ಉತ್ತಮ ಎಂದು ನನ್ನ ಅಭಿಪ್ರಾಯ. ಲಾರ್ಜ್ ಫಾರ್ಮ್ಯಾಟ್ ಲೆನ್ಸ್‌ಗಳ ಲೀಫ್ ಷಟರ್ (ಲೆನ್ಸ್ ಒಳಗೇ ಎಲೆಗಳಂತೆ ತೆರೆದು ಮುಚ್ಚುವ ಷಟರ್) ಎಲ್ಲ ವೇಗಗಳಲ್ಲೂ ಫ್ಲ್ಯಾಷ್‌ ಜೊತೆ ಹೊಂದಿಕೊಳ್ಳುತ್ತದೆ. ಹಳೆಯ ಷಟರ್‌ಗಳಲ್ಲಿ ಎಂ ಮತ್ತು ಎಕ್ಸ್ ಎಂಬ ಗುರುತುಗಳ ಚಿಕ್ಕ ಸ್ವಿಚ್ ಇದ್ದರೆ ಅದನ್ನು ಎಕ್ಸ್‌ಗೆ ಇಡಲೇಬೇಕು. ಎಂ ಎಂಬುದು ಹಿಂದಿನ ಕಾಲದ ಫ್ಲ್ಯಾಷ್ ಬಲ್ಬುಗಳಿಗಾಗಿ ಇದ್ದದ್ದು, ಅಲ್ಲಿಟ್ಟರೆ ಇಂದಿನ ಫ್ಲ್ಯಾಷ್ ಷಟರ್ ತೆರೆಯುವ ಮೊದಲೇ ಮಿಂಚಿ ಆರಿಹೋಗುತ್ತದೆ, ಫಿಲಂ ಖಾಲಿ ಉಳಿಯುತ್ತದೆ.

ಒಂದೇ ದೀಪದಿಂದ ಆರಂಭಿಸಿ. ಸ್ಟ್ಯಾಂಡಿನ ಮೇಲೆ ಫ್ಲ್ಯಾಷ್ ನಿಲ್ಲಿಸಿ, ಅದರ ಮುಂದೆ ಅರ್ಧ ಮೀಟರ್ ಅಂತರದಲ್ಲಿ ಒಗೆದು ಒಣಗಿಸಿದ ಬಿಳಿ ಪಂಚೆಯೊಂದನ್ನು ಒಂದು ಮೀಟರ್ ಅಗಲಕ್ಕೆ ಬಿಗಿಯಾಗಿ ಕಟ್ಟಿದರೆ, ಬೆಳಕನ್ನು ಮೃದುವಾಗಿಸುವ ಒಳ್ಳೆಯ ಸಾಫ್ಟ್‌ಬಾಕ್ಸ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಸಿನಿಮಾ ಸೆಟ್‌ಗಳಲ್ಲಿ ಬಳಸುವ ಬಟರ್ ಪೇಪರ್ ಕೂಡ ಆಗುತ್ತದೆ. ಕಾದು ಸುಡುವ ಹ್ಯಾಲೊಜನ್ ದೀಪವನ್ನು ಮಾತ್ರ ಬಟ್ಟೆಯ ಬಳಿ ಇಡಬಾರದು. ಬಟ್ಟೆಯ ನಡುಭಾಗ ಕುಳಿತವರ ಕಣ್ಣಿಗಿಂತ ಒಂದು ಗೇಣಿನಷ್ಟು ಮೇಲಿರಲಿ, ಮುಖದ ನೇರ ಮುಂಭಾಗದಿಂದ ಸುಮಾರು 45 ಡಿಗ್ರಿ ಪಕ್ಕಕ್ಕಿರಲಿ. ಈಗ ಎಲ್‌ಇಡಿ ದೀಪವನ್ನು ಫ್ಲ್ಯಾಷ್ ಇದ್ದ ಜಾಗದಲ್ಲೇ ಹೊತ್ತಿಸಿ ಕೋಣೆಯ ಉಳಿದ ದೀಪಗಳನ್ನೆಲ್ಲ ಆರಿಸಿ, ಕ್ಯಾಮೆರಾದ ಜಾಗದಿಂದ ಮುಖವನ್ನು ನಿಧಾನವಾಗಿ ನೋಡಿ. ಎರಡೂ ಕಣ್ಣುಗಳಲ್ಲಿ ಬಿಳಿಯ ಹೊಳಪು ಕಾಣಬೇಕು. ಮೂಗಿನ ನೆರಳು ಕೆಳಕ್ಕೂ ಓರೆಗೂ ಇಳಿದು ತುಟಿಯನ್ನು ಮುಟ್ಟುವ ಮೊದಲೇ ನಿಲ್ಲಬೇಕು. ದೀಪವನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿದಂತೆ ಆ ನೆರಳು ಕೆನ್ನೆಯ ನೆರಳಿನ ಜೊತೆ ಸೇರಿ, ದೂರದ ಕಣ್ಣಿನ ಕೆಳಗೆ ಬೆಳಕಿನ ಸಣ್ಣ ತ್ರಿಕೋನವೊಂದು ಉಳಿಯುತ್ತದೆ. ಈ ತ್ರಿಕೋನ ಮೂಡುವುದನ್ನೂ ಅಳಿಸಿಹೋಗುವುದನ್ನೂ ದೀಪ ಸರಿಸುತ್ತ ಹಲವು ಸಲ ನೋಡುವುದೇ ಬೆಳಕಿನ ಪಾಠದ ಬಹುಭಾಗ.

ದೂರದ ಲೆಕ್ಕ ಇದರಷ್ಟೇ ಮುಖ್ಯ. ಬೆಳಕಿನ ಮೂಲದಿಂದ ಅಂತರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ, ಅಂದರೆ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು ಅಥವಾ ಇಮ್ಮಡಿಯಾಗುವುದು), ಇಳಿಯುತ್ತದೆ. ಮುಖ ದೀಪದಿಂದ ಒಂದು ಮೀಟರ್ ದೂರದಲ್ಲೂ ಗೋಡೆ ಎರಡು ಮೀಟರ್ ದೂರದಲ್ಲೂ ಇದ್ದರೆ ಸುಣ್ಣ ಬಳಿದ ಬಿಳಿ ಗೋಡೆಯೇ ಚಿತ್ರದಲ್ಲಿ ನಡುಬೂದು ಬಣ್ಣಕ್ಕೆ ತಿರುಗುತ್ತದೆ. ಬೇರೆ ಹಿನ್ನೆಲೆ ಕೊಳ್ಳುವ ಅಗತ್ಯವಿಲ್ಲ. ದೀಪವನ್ನು ಮುಖಕ್ಕೆ ತೀರಾ ಹತ್ತಿರ ತಂದರೆ ಬೆಳಕು ಮೃದುವಾಗುತ್ತದೆ ನಿಜ, ಆದರೆ ತಲೆ ಸ್ವಲ್ಪ ಅಲುಗಿದರೂ ಬೆಳಕಿನ ಪ್ರಮಾಣ ಬದಲಾಗುತ್ತದೆ. ಒಂದು ಮೀಟರಿನಿಂದ 1.2 ಮೀಟರ್ ನಡುವಿನ ದೂರ ಎರಡಕ್ಕೂ ಸಲ್ಲುತ್ತದೆ.

ಚಿಕ್ಕ ಕೋಣೆಯ ಬಿಳಿ ಗೋಡೆಗಳು ಕೇಳದೆಯೇ ನೆರಳನ್ನು ತುಂಬುತ್ತವೆ. ನೆರಳು ಗಾಢವಾಗಬೇಕಾದರೆ ದೀಪದ ಎದುರು ಬದಿಯಲ್ಲಿ ಕುರ್ಚಿಯೊಂದರ ಮೇಲೆ ಕರಿ ಕಂಬಳಿ ಇಳಿಬಿಡಿ. ಒರಟು ಉಣ್ಣೆಯ ಆ ಕಪ್ಪು ಬೆಳಕನ್ನು ಚೆನ್ನಾಗಿ ಹೀರುತ್ತದೆ. ನೆರಳು ತೆಳುವಾಗಬೇಕಾದರೆ ಅದೇ ಜಾಗದಲ್ಲಿ ಥರ್ಮಾಕೋಲ್ ಹಲಗೆ ನಿಲ್ಲಿಸಿ. ಎರಡನೆಯ ದೀಪ ಕೊಳ್ಳುವ ಮೊದಲು ಈ ಕಂಬಳಿ ಮತ್ತು ಥರ್ಮಾಕೋಲ್ ಎರಡರಿಂದ ಏನೆಲ್ಲ ಸಾಧ್ಯ ಎಂದು ತಿಳಿದುಕೊಳ್ಳುವವರು ಹಣವನ್ನೂ ಗೊಂದಲವನ್ನೂ ಉಳಿಸುತ್ತಾರೆ.

ಅಳತೆಗೆ ಫ್ಲ್ಯಾಷ್ ಮೀಟರ್ ಇದ್ದರೆ ಅದನ್ನು ಗಲ್ಲದ ಬಳಿ ಹಿಡಿದು, ಅದರ ಬಿಳಿ ಗುಮ್ಮಟವನ್ನು ಕ್ಯಾಮೆರಾದ ಕಡೆ ತಿರುಗಿಸಿ ಓದಬೇಕು. ಹಿಂದೆ ಸ್ಟುಡಿಯೊದವರು ತಕ್ಷಣವೇ ಚಿತ್ರ ಮೂಡುವ ಪೋಲರಾಯ್ಡ್ ಹಾಳೆಯಲ್ಲಿ ಬೆಳಕು ಪರೀಕ್ಷಿಸುತ್ತಿದ್ದರು. ಫ್ಯೂಜಿಫಿಲಂ ತನ್ನ ಎಫ್‌ಪಿ-100ಸಿ ಎಂಬ ಅದೇ ಬಗೆಯ ಫಿಲಂ ತಯಾರಿಕೆ ನಿಲ್ಲಿಸುವುದಾಗಿ 2016ರಲ್ಲಿ ಪ್ರಕಟಿಸಿದ ಮೇಲೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿತು. ಈಗ ಅದೇ ಕೆಲಸವನ್ನು ಡಿಜಿಟಲ್ ಕ್ಯಾಮೆರಾ ಮಾಡುತ್ತದೆ: ಅದರ ಐಎಸ್‌ಓ ಅನ್ನು (ಬೆಳಕಿಗೆ ಸ್ಪಂದಿಸುವ ವೇಗದ ಅಳತೆ) ಫಿಲಂಗೆ ಸಮನಾಗಿಸಿ, ಲೆನ್ಸ್‌ನ ಪಕ್ಕದಲ್ಲೇ ಹಿಡಿದು ತೆಗೆದ ಚಿತ್ರ ಸರಿ ಕಂಡ ಅಪರ್ಚರ್ ಅನ್ನು ಬರೆದುಕೊಳ್ಳಿ. ಆದರೆ ಅದನ್ನೇ ನೇರವಾಗಿ ಬಳಸಬಾರದು. ಹತ್ತಿರದ ಮುಖಕ್ಕೆ ಫೋಕಸ್ ಮಾಡಲು ಲೆನ್ಸ್ ಮತ್ತು ಫಿಲಂ ನಡುವಿನ ಮಡಿಕೆ ಚೀಲ (ಬೆಲ್ಲೋಸ್) ಹಿಗ್ಗಿದಾಗ ಫಿಲಂ ತಲುಪುವ ಬೆಳಕು ಕಡಿಮೆಯಾಗುತ್ತದೆ. ಒಂದೂವರೆ ಮೀಟರಿನಲ್ಲಿ 210 ಮಿಲಿಮೀಟರ್ ಲೆನ್ಸ್ ಫಿಲಂನಿಂದ ಸುಮಾರು 244 ಮಿಲಿಮೀಟರ್ ದೂರ ನಿಲ್ಲುತ್ತದೆ. 244ನ್ನು 210ರಿಂದ ಭಾಗಿಸಿ ವರ್ಗ ಮಾಡಿದರೆ 1.35, ಅಂದರೆ ಹತ್ತಿರ ಹತ್ತಿರ ಅರ್ಧ ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು.

ಶೀಟ್ ಫಿಲಂ ದುಬಾರಿಯಾದ್ದರಿಂದ ಹಲವರು ಆಸ್ಪತ್ರೆಗಳ ಎಕ್ಸ್‌ರೇ ಫಿಲಂ ಕತ್ತರಿಸಿ ಅಭ್ಯಾಸ ಮಾಡುತ್ತಾರೆ. ಅದು ಸಹಜವಾಗಿಯೇ ಬೆಳಕಿನ ಲೆಕ್ಕವನ್ನು ಬದಲಿಸುತ್ತದೆ. ಅದಕ್ಕೆ ಕೆಂಪು ಕಾಣಿಸದು. ಹಾಗಾಗಿ ನಮ್ಮ ಕಂದು ಮೈಬಣ್ಣ, ತುಟಿ, ಕಣ್ಣಿನ ಸುತ್ತಣ ಕಪ್ಪು ಎಲ್ಲವೂ ನಿಜಕ್ಕಿಂತ ಗಾಢವಾಗಿ ಮೂಡುತ್ತವೆ. ಹಳದಿ ಬೆಳಕಿನ ಬಲ್ಬಿನಡಿ ಅದರ ವೇಗವೂ ಕುಸಿಯುತ್ತದೆ. ಥರ್ಮಾಕೋಲನ್ನು ಮುಖಕ್ಕೆ ಹತ್ತಿರ ತಂದು, ಹೆಚ್ಚು ಬೆಳಕು ಕೊಟ್ಟು ಇದನ್ನು ಸರಿದೂಗಿಸಬಹುದು. ಫಿಲಂನ ಎರಡೂ ಬದಿಗೆ ಎಮಲ್ಷನ್ (ಬೆಳಕಿಗೆ ಸ್ಪಂದಿಸುವ ಲೇಪ) ಇದ್ದರೆ ಬೇಗ ಗೀರು ಬೀಳುತ್ತದೆ, ಎಚ್ಚರವಿರಲಿ.

ಕುಳಿತವರಿಗೆ ಬೆನ್ನೊರಗುವ ಕುರ್ಚಿ ಕೊಡಿ. ಲೆನ್ಸ್ ಕೂರಿಸಿರುವ ಹಲಗೆಗೆ (ಲೆನ್ಸ್ ಬೋರ್ಡ್) ಒಂದು ದಾರ ಕಟ್ಟಿ, ಫೋಕಸ್ ಮಾಡಿದ ಕ್ಷಣದಲ್ಲಿ ಅವರ ಕೆನ್ನೆಯೆಲುಬಿಗೆ ಅದು ತಾಗುವಲ್ಲಿ ಗಂಟು ಹಾಕಿ. ಡಾರ್ಕ್ ಸ್ಲೈಡ್ ಎಳೆದ ಮೇಲೆ ಗಂಟನ್ನು ಮತ್ತೆ ಕೆನ್ನೆಗೆ ಮುಟ್ಟಿಸಿ ನೋಡಿ, ದಾರ ಕೆಳಗಿಳಿಸಿ, ಷಟರ್ ಒತ್ತಿ. ದೀಪದ ಸ್ಟ್ಯಾಂಡ್, ಕುರ್ಚಿ, ಟ್ರೈಪಾಡ್ ಇವುಗಳ ಕಾಲುಗಳಿಗೆ ನೆಲದ ಮೇಲೆ ಟೇಪಿನ ಗುರುತು ಹಾಕಿ, ಅಂತರಗಳನ್ನೂ ಫ್ಲ್ಯಾಷ್‌ನ ಶಕ್ತಿಯನ್ನೂ ಪುಸ್ತಕದಲ್ಲಿ ಬರೆದಿಡಿ.

ಪ್ರತಿ ಹೋಲ್ಡರ್‌ನಲ್ಲಿ ಎರಡು ಹಾಳೆಗಳಿರುತ್ತವೆ. ಎರಡನ್ನೂ ಒಂದೇ ಬೆಳಕಿನಲ್ಲಿ, ಒಂದೇ ಅಪರ್ಚರ್‌ನಲ್ಲಿ ತೆಗೆದು, ಒಂದನ್ನು ಮಾತ್ರ ಡೆವಲಪ್ ಮಾಡಿ. ನೆಗೆಟಿವ್ ಒಣಗಿದ ಮೇಲೆ ನೆರಳಿನ ಕೆನ್ನೆಯಲ್ಲಿ ವಿವರ ಉಳಿದಿದೆಯೇ, ಹಣೆಯ ಹೊಳಪು (ನೆಗೆಟಿವ್‌ನಲ್ಲಿ ಅದು ಕಪ್ಪಾಗಿರುತ್ತದೆ) ತೀರಾ ದಟ್ಟವಾಗಿದೆಯೇ ಎಂದು ನೋಡಿ. ಹೊಳಪು ದಟ್ಟವಾಗಿದ್ದರೆ ಎರಡನೆಯ ಹಾಳೆಯ ಡೆವಲಪ್ ಸಮಯವನ್ನು ಸ್ವಲ್ಪ ತಗ್ಗಿಸಬಹುದು. ನೆರಳೇ ಬರಿದಾಗಿದ್ದರೆ ಡೆವಲಪರ್‌ನಿಂದ ಅದು ಮರಳಿ ಬಾರದು. ಥರ್ಮಾಕೋಲ್ ಹಲಗೆಯನ್ನು ಒಂದಡಿ ಮುಂದೆ ತಂದು ಹೊಸ ಹೋಲ್ಡರ್ ಹಾಕಬೇಕು.